ಕುಣಿಯ ಮೇಲೆ ಹಾರಿಹೋದ ವಿಮಾನ

ಅಪ್ಪ ತೀರಿಕೊಂಡ ಬೆಳಿಗ್ಗೆ ಅವನ ತಮ್ಮ, ನಮ್ಮ ಕಾಕಾ, ಮೊಬೈಲಿನಲ್ಲಿ ಹುಡುಕಿ ಇಡೀ ಮುಡಬಿ ಊರಿಗೆ ಕೇಳುವಂತೆ ಕೂಗಿದ: "ಪುಣೆದಿಂದ ಹೈದರಾಬಾದಿಗೆ ವಿಮಾನ ಬರೇ ಒಂದೂಕಾಲು ತಾಸ್ರಿ! ಮಧ್ಯಾಹ್ನದಾಗ ಬರ್ತಾಳ."

ಬರಬೇಕಾದವಳು ನನ್ನ ಅಕ್ಕ. ಅವ್ವ ಸತ್ತಾಗ ಅವಳು ಪುಣೆಯಿಂದ ಬಸ್ಸಿನಲ್ಲಿ ಬಂದು, ಮುಚ್ಚಿದ ಕುಣಿಯ ಮುಂದೆ ಬಿದ್ದು ಹೊರಳಾಡಿದ್ದಳು. ಈ ಸಲ ಅಪ್ಪನ ಮುಖವಾದರೂ ಅವಳಿಗೆ ಸಿಗಲೇಬೇಕೆಂದು ನಾನು ಹಟ ಹಿಡಿದಿದ್ದೆ. ಭಾವ ಕಾರು ತೆಗೆಯುತ್ತೇನೆಂದರೂ ಅಕ್ಕ ಕಾಕಾನ ಮಾತು ನಂಬಿ ವಿಮಾನವನ್ನೇ ಹಿಡಿದಳು. ಆ ಒಂದೂಕಾಲು ತಾಸಿನಲ್ಲಿ ವಿಮಾನ ಹೊರಡುವ ತನಕ ಕಾಯುವುದು ಸೇರಿರಲಿಲ್ಲ. ಹೈದರಾಬಾದಿನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಜಹೀರಾಬಾದ್, ಹುಮನಾಬಾದ್ ದಾಟಿ ಮತ್ತೆ ಪುಣೆಯ ದಿಕ್ಕಿಗೇ ಹಿಂದಕ್ಕೆ ಬರುವುದೂ ಸೇರಿರಲಿಲ್ಲ. ಕಾರಾಗಿದ್ದರೆ ಪುಣೆಯ ಹೆದ್ದಾರಿ ಅವಳನ್ನು ನೇರ ನಮ್ಮೂರಿಗೆ ಹತ್ತಿರದ ಬಸವಕಲ್ಯಾಣದ ಮಗ್ಗುಲಿಗೆ ತಂದುಬಿಡುತ್ತಿತ್ತು.

ಮಧ್ಯಾಹ್ನ ಕಳೆಯಿತು. ಗೋಡೆಗೆ ಆನಿಸಿ ಕೂರಿಸಿದ್ದ ಅಪ್ಪನ ತಲೆ ವಾಲತೊಡಗಿತು. ನೆಂಟರು ಕಾಕಾನನ್ನು ಕೆಣಕಿದರು: "ಏನ್ರಿ, ನಿಮ್ಮ ವಿಮಾನ ಎಲ್ಲಿ ಪಂಕ್ಚರ್ ಆತು?" ಕಾಕಾನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕೆಂದು ಎಲ್ಲರನ್ನೂ ನಮ್ಮ ಹೊಲಕ್ಕೆ ಹೊರಡಿಸಿದ. ಅಪ್ಪನನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಪತ್ರಿ ಏರಿಸಿದ್ದಾಯಿತು.

"ಅಕ್ಕ ಹುಮನಾಬಾದ್ ದಾಟ್ಯಾಳ ಕಾಕಾ, ಸ್ವಲ್ಪ ತಡೀರಿ," ಎಂದೆ.

"ಮುಂಜಾನಿಂದ ಬರಾಕತ್ತಾಳ ನಿಮ್ಮಕ್ಕ! ಎಳೀರ್ರೋ ಮಣ್ಣು!"

ನಾನು ಕುಣಿಗೆ ಹಾರಿದೆ. ಅಪ್ಪನ ಮೊಣಕಾಲಿಗೆ ಬೆನ್ನು ಕೊಟ್ಟು ಗೂಡಿಗೆ ಅಡ್ಡ ಕುಳಿತೆ. ಮೊದಲ ಸಲಿಕೆ ಮಣ್ಣು ನನ್ನ ತಲೆಯ ಮೇಲೆಯೇ ಬಿತ್ತು, ಹಾಕಿದವನು ಕಾಕಾ. ಮುಂದಿನದರಲ್ಲಿ ಕಲ್ಲಿತ್ತು, ಹುಬ್ಬು ಒಡೆಯಿತು. ಜಗಳವೆಂದರೆ ಎದ್ದು ಹೋಗುವ ನನ್ನ ಗಂಡ ಆ ಸಲಿಕೆ ಕಸಿದು, ಅದರ ಹಿಡಿಯಿಂದ ಕಾಕಾನ ಬಾಯಿಗೇ ಬಿಟ್ಟ. ಹಲ್ಲು ಮುರಿಯಿತು. ಕಾಕಾ ಅವನನ್ನು ಮಣ್ಣಿನ ಗುಡ್ಡೆಯ ಮೇಲೆ ಕೆಡವಿ ಕುತ್ತಿಗೆ ಅದುಮಿದ. ಬಿಡಿಸಲು ಬಂದವರೂ ಕೈ ಮಿಲಾಯಿಸಿದರು. ನಾನು ಕೆಳಗಿನಿಂದ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ನನ್ನ ರಕ್ತ ಅಪ್ಪನ ಬಿಳಿ ಧೋತರಕ್ಕೆ ಹತ್ತಿತ್ತು. ಹೆದರಿಕೆ ಎಂಬುದೇ ಇರಲಿಲ್ಲ. ಯಾರಾದರೂ ಇಳಿದಿದ್ದರೆ ಕಚ್ಚುತ್ತಿದ್ದೆ.

ಕಾರು ಬಂದಾಗ ಹೊತ್ತು ಕೆಂಪಾಗಿತ್ತು. ಅಕ್ಕ ಎಲ್ಲರ ಮೈಮೇಲಿನ ರಕ್ತ ಕಂಡು ಕಿರುಚಿದಳು: "ಅಪ್ಪನ್ನ ಮಣ್ಣು ಮಾಡೂದ್ರಾಗ ಹೊಲದ ಪಾಲಿಗೆ ಹೊಡದಾಡಾಕತ್ತೀರೇನು?"

ಅವಳಿಗಾಗಿ ಕುಣಿ ಕಾಯ್ದವಳಿಗೆ ಈ ಮಾತು! ನನ್ನ ಮೈ ಉರಿದುಹೋಯಿತು. ಅವಳು ಕುಣಿಗಿಳಿದೊಡನೆ ಕೆನ್ನೆಗೆ ಬಾರಿಸಲೆಂದೇ ಕೈ ಎತ್ತಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಅಪ್ಪನ ಗದ್ದ ಹಿಡಿದುಕೊಂಡಿದ್ದಳು.

"ಇಲ್ಲೇ ಮ್ಯಾಲಿಂದ ಹೋದೆನೋ ಅಪ್ಪಾ, ಮಧ್ಯಾಹ್ನ. ಕಿಡಕಿಗೆ ಮಾರಿ ಹಚ್ಚಿ ನೋಡಿದೆ. ಹೊಲ ಕಂಡ್ವು. ನಮ್ಮದು ಯಾವುದಂತ ತಿಳೀಲಿಲ್ಲ."

ಎತ್ತಿದ ಕೈ ಅವಳ ಹೆಗಲ ಮೇಲೆ ಬಿತ್ತು. ಮೇಲೆ ಕಾಕಾ ರಕ್ತ ಉಗುಳುತ್ತಾ, ಮತ್ತೆ ಕೈಗೆತ್ತಿಕೊಂಡಿದ್ದ ಸಲಿಕೆ ಕೆಳಗಿಟ್ಟು ಕಾಯುತ್ತಿದ್ದ.