ತೆಗೆಯದೆ ಉಳಿಸಿದ ಅಧ್ಯಾಯ

ನಾನು ಹುಟ್ಟಿದ್ದು ಭೀಮರಾಯನಗುಡಿಯ ಕಾಲುವೆ ಕೆಲಸದ ಕ್ಯಾಂಪಿನಲ್ಲಿ. ಅಪ್ಪ ಅಲ್ಲಿಯ ಕಚೇರಿಯಲ್ಲಿ ಗುಮಾಸ್ತ. ಕಾಲುವೆಗಾಗಿ ಬಂಡೆ ಸಿಡಿಸಿದಾಗಲೆಲ್ಲ ನಮ್ಮ ಕ್ವಾರ್ಟರ್ಸಿನ ಕಿಟಕಿಗಳು ನಡುಗುತ್ತಿದ್ದವು. ಮುಂದೆ ಎಂಜಿನಿಯರಿಂಗ್ ಓದಿ, ಬಂಡೆ ಎಲ್ಲಿ ಬಿರಿಯುತ್ತದೆ, ಹೇಗೆ ಜಾರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪಿಎಚ್.ಡಿ. ಸಂಶೋಧನೆಗೆ ಸೇರಿದೆ.

"ಹೊರದೇಶದ ಯಾವುದಾದರೂ ಸುರಂಗ ತಗೊಳ್ಳಿ, ಅಳತೆಗಳೆಲ್ಲ ಸಿದ್ಧವಾಗಿ ಸಿಗುತ್ತವೆ. ನಿಮ್ಮೂರ ಕಲ್ಲು ಯಾರಿಗೆ ಬೇಕು?" ಎಂದರು ಗೈಡ್.

"ನನಗ ಬೇಕ್ರಿ ಸರ್," ಎಂದೆ.

ಬೇಸಿಗೆಯಲ್ಲಿ ಕಾಲುವೆಯ ನೀರು ಬಂದ್ ಆದಾಗ, ದೇವಾಪುರದ ಹತ್ತಿರ ಬಂಡೆ ಕಡಿದು ತೆಗೆದ ಆಳದ ಜಾಗಕ್ಕೆ ಇಳಿದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಅವ್ವ ಬಂದಿದ್ದಳು. ಬಂಡೆಯ ಸೀಳುಗಳು ಎತ್ತ ವಾಲಿವೆ ಎಂದು ಅಳೆಯುತ್ತಿದ್ದಾಗ ದಂಡೆಯ ಮೇಲೆ ಜೀಪು ನಿಂತಿತು. ಸಾಹೇಬರೊಬ್ಬರು ಕೂಗಿದರು: "ಹೆಣ್ಮಕ್ಕಳು ಕಾಲುವ್ಯಾಗ ಇಳದು ಏನ್ ಮಾಡಾಕತ್ತೀರಿ?"

ನನಗಿಂತ ಮೊದಲು ಅವ್ವನೇ ಹೇಳಿದಳು: "ನನ್ನ ಮಗಳು ಕಲ್ಲು ಓದಾಕತ್ತ್ಯಾಳ್ರಿ. ನಿಮಗೇನು ತ್ರಾಸ?"

ಜೀಪು ಹೋಯಿತು.

ಒಂದು ಕಡೆ ಸೀಳುಗಳು ಕಾಲುವೆಯತ್ತಲೇ ವಾಲಿದ್ದವು. ಅವುಗಳಲ್ಲಿ ಮಳೆನೀರು ತುಂಬಿದರೆ ಅಲ್ಲಿನ ದೊಡ್ಡ ಬಂಡೆ ಜಾರಬಹುದು ಎಂದು ಲೆಕ್ಕ ಹೇಳಿತು. ಗೈಡ್ ಓದಿ ಮುಖ ಗಂಟು ಹಾಕಿಕೊಂಡರು. "ಈ ಅಧ್ಯಾಯ ತೆಗೆದುಬಿಡಿ. ಕಾಲುವೆ ಇಲಾಖೆಯವರ ಹತ್ತಿರ ನಾಳೆ ನಮಗೇ ಕೆಲಸ ಬೀಳುತ್ತೆ."

"ಲೆಕ್ಕ ತಪ್ಪಿದ್ರ ತೋರಸ್ರಿ, ತೆಗೀತೀನಿ. ಸರಿ ಇದ್ರ ತೆಗೆಯಂಗಿಲ್ಲ."

ಅವರು ತಪ್ಪು ತೋರಿಸಲಿಲ್ಲ. ನನ್ನ ಗೈಡ್ ಆಗಿರಲು ಮಾತ್ರ ಒಲ್ಲೆ ಎಂದರು.

ಬೇರೆ ಗೈಡ್ ಸಿಗುವುದು ತಡವಾಯಿತು. ಅಲ್ಲಿಯತನಕ ಯಾದಗಿರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳಿದೆ. ಸುರಪುರದ ನೆಂಟರು ಕಂಡಾಗಲೆಲ್ಲ, "ಕಲ್ಲಿನ ಡಾಕ್ಟರ್ ಯಾವಾಗ ಆಗ್ತೀಯವ್ವಾ?" ಎಂದು ನಗುತ್ತಿದ್ದರು. ಸಿಟ್ಟು ಬರುತ್ತಿತ್ತು; ಆ ಸಿಟ್ಟಿನಲ್ಲೇ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಿದೆ. ಉತ್ತರ ಅದೇ ಬಂತು.

ಕೊನೆಗೊಬ್ಬ ಹೊಸ ಗೈಡ್ ಸಿಕ್ಕರು, ಆ ಅಧ್ಯಾಯದ ಸಮೇತ ಪ್ರಬಂಧ ಸಲ್ಲಿಸಿದೆ. ಕೊನೆಯ ಸಂದರ್ಶನದಲ್ಲಿ ಪರೀಕ್ಷಕರು ಕೇಳಿದರು: "ಆ ಬಂಡೆ ಇನ್ನೂ ಬಿದ್ದಿಲ್ಲವಲ್ಲ?"

"ಬಿದ್ದೇ ಬೀಳ್ತದಂತ ನಾ ಬರದಿಲ್ರಿ. ಎಂಥಾ ಹೊತ್ತಿನ್ಯಾಗ ಜಾರಬಹುದಂತ ಬರದೀನಿ. ಒಂದು ಸಾಲೂ ಬದಲಿ ಮಾಡಂಗಿಲ್ಲ."

ಅವರು ಇನ್ನಷ್ಟು ಕೆದಕಿ ಕೇಳಿದರು. ಆಮೇಲೆ ಸಹಿ ಹಾಕಿದರು.

ಈಗ ನಾನೇ ಪ್ರೊಫೆಸರ್. ಬಂಡೆ ಇದ್ದಲ್ಲೇ ಇದೆ, ಚಹಾದ ಹೊತ್ತಿಗೆ ಸಹೋದ್ಯೋಗಿಗಳು ಅದನ್ನೇ ಎತ್ತಿ ಕೆಣಕುತ್ತಾರೆ. ಕೆಣಕಲಿ. ಪ್ರತಿ ಬೇಸಿಗೆ ಹೋಗಿ ಆ ಸೀಳುಗಳು ಅಗಲವಾಗಿವೆಯೇ ಎಂದು ಅಳೆದು ಬರುತ್ತೇನೆ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಬಿಸಿಲಲ್ಲಿ ಬಂಡೆ ಹತ್ತಲು ಒಲ್ಲೆ ಎನ್ನುವವರನ್ನು ನಾನು ಸಂಶೋಧನೆಗೆ ಸೇರಿಸಿಕೊಳ್ಳುವುದಿಲ್ಲ. ಯಾರ ಶಿಫಾರಸು ತಂದರೂ ಅಷ್ಟೇ.