ಹತ್ತು ಜನಕ್ಕಾಗುವಷ್ಟು ನೀರು

ಸೂರ್ಯ ಇನ್ನೂ ಖರ್ಜೂರದ ತೋಟಗಳ ಆಚೆಗಿದ್ದಾನೆ. ಮಬಾರ್ಕಾ ಅಂಗಳದಲ್ಲಿ ಕಾಲು ಚಾಚಿ ಕೂತು, ಒಣಗಿದ ಬೋರೆ ಎಲೆಯನ್ನು ಒರಳಿನಲ್ಲಿ ಕುಟ್ಟುತ್ತಿದ್ದಾರೆ. ಕುಟ್ಟಿದ್ದನ್ನು ತೆಳುಬಟ್ಟೆಯಲ್ಲಿ ಸೋಸುತ್ತಾರೆ, ಉಳಿದ ನಾರನ್ನು ಮತ್ತೆ ಒರಳಿಗೆ ಹಾಕುತ್ತಾರೆ.

"ನುಣ್ಣಗಿರಬೇಕು. ತರಿ ಉಳಿದರೆ ಮೈಗೆ ಒತ್ತುತ್ತೆ" ಎನ್ನುತ್ತಾರೆ.

ಯಾರ ಮೈಗೆ ಎಂದು ಯಾರೂ ಕೇಳುವುದಿಲ್ಲ. ತಘ್ಲಿತ್ ಊರಿನಲ್ಲಿ ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವುದು ಇವರ ಕೆಲಸ. ಮೂವತ್ತೆಂಟು ವರ್ಷಗಳಿಂದ ಇದೇ ಕೆಲಸ. ಒಂದು ದೀನಾರನ್ನೂ ಮುಟ್ಟಿಲ್ಲ. ಈಗ ಎಪ್ಪತ್ತೊಂದರ ವಯಸ್ಸು. ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಸೀದಾ ಬೆನ್ನು, ದೊಡ್ಡ ಅಂಗೈ. ಬೆರಳುಗಳ ತುದಿಯಲ್ಲಿ ಕರ್ಪೂರದ ವಾಸನೆ ಸದಾ ಇರುತ್ತದೆ ಎಂದು ಊರು ಹೇಳುತ್ತದೆ. ಇವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತಾಗ ನನಗೆ ಬಂದದ್ದು ಈರುಳ್ಳಿಯ ವಾಸನೆ.

ಒಬ್ಬರಿಗೆ ಮೂರು ಸುತ್ತು ನೀರು. ಮೊದಲನೆಯದು ಬೋರೆ ಎಲೆಯ ಪುಡಿ ಕಲಸಿದ್ದು, ಕೊನೆಯದಕ್ಕೆ ಚೂರು ಕರ್ಪೂರ. ಸಾಲದಿದ್ದರೆ ಐದು ಅಥವಾ ಏಳು. ಬೆಸ ಸಂಖ್ಯೆಯಲ್ಲೇ ನಿಲ್ಲಿಸಬೇಕು. ಒಂದೊಂದು ಸುತ್ತಿಗೂ ಎರಡು ಕೊಡ. ವರ್ಷಕ್ಕೆ ಇಪ್ಪತ್ತೈದು ಮೂವತ್ತು ಸಲ ಇವರ ಬಾಗಿಲು ಬಡಿಯುತ್ತದೆ. ಬೇರೆ ಕಾರಣಕ್ಕೆ ಬಡಿಯುವುದು ಕಡಿಮೆ.

"ಬಾಗಿಲು ಬಡಿದರೆ ಯಾರು ಬಂದರು ಅಂತ ಕೇಳಲ್ಲ ನಾನು, ಯಾರು ಹೋದರು ಅಂತ ಕೇಳ್ತೀನಿ" ಎಂದು ನಗುತ್ತಾರೆ.

ಮದುವೆಗಳಿಗೆ ಕರೆ ಬರುತ್ತದೆ, ಇವರು ಹೋಗುತ್ತಾರೆ. ಆದರೆ ಬಾಗಿಲ ಹತ್ತಿರ ಕೂರುತ್ತಾರೆ, ಮದುಮಗಳಿಗೆ ಗೋರಂಟಿ ಹಚ್ಚುವ ಹೊತ್ತಿಗೆ ಎದ್ದು ಬರುತ್ತಾರೆ. ಎದ್ದು ಹೋಗಿ ಎಂದು ಯಾರೂ ಹೇಳಿದ್ದಿಲ್ಲ. ಇರಿ ಎಂದು ಹೇಳಿದ್ದೂ ನಾನು ಕೇಳಿಲ್ಲ.

ಮಾತಿನ ನಡುವೆ ಪಕ್ಕದ ಮನೆಯ ಬಯಾ ಬ್ರೆಡ್ಡಿನ ಬುಟ್ಟಿ ಹೊತ್ತು ಒಳಗೆ ಇಣುಕುತ್ತಾರೆ. ಇಬ್ಬರೂ ಒಂದೇ ವಾರಿಗೆಯವರು.

"ಹಂಗೆ ನೋಡಬೇಡ ಮಬಾರ್ಕಾ, ಅಳತೆ ತಗೊಂಡ ಹಾಗಿರುತ್ತೆ. ನನ್ನ ಸರದಿ ಇನ್ನೂ ದೂರ ಇದೆ."

"ನಿನ್ನ ಅಗಲಕ್ಕೆ ಬಟ್ಟೆ ಎಲ್ಲಿಂದ ತರಲಿ ಕಣೇ? ಸ್ವಲ್ಪ ಇಳಿಸ್ಕೊಂಡು ಸಾಯಿ."

"ನೀನೇ ಮೊದಲು ಹೋಗು, ಹೇಗಿದೆ ಅಂತ ಹೇಳಿ ಕಳಿಸು" ಎಂದು ಬಯಾ ಒಂದು ಬ್ರೆಡ್ಡು ಜಗುಲಿಯ ಮೇಲಿಟ್ಟು ಹೋಗುತ್ತಾರೆ. ಒಳಗೆ ಬರುವುದಿಲ್ಲ.

ಹದಿನಾಲ್ಕು ವರ್ಷದ ಹಿಂದಿನ ಆ ಅಕ್ಟೋಬರಿನ ಬಗ್ಗೆ ಹೇಗೆ ಕೇಳುವುದೆಂದು ನನಗೆ ಗೊತ್ತಾಗುವುದಿಲ್ಲ. ಅವರೇ ಶುರು ಮಾಡುತ್ತಾರೆ.

ಆ ದಿನ ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಮಳೆ ಬಿದ್ದದ್ದು ಎಲ್ಲೋ ಮೇಲೆ, ಕಲ್ಲುಗುಡ್ಡಗಳಲ್ಲಿ. ಕಾವಲು ಗೋಪುರದಿಂದ ಮೂರು ಗುಂಡಿನ ಸದ್ದು ಕೇಳಿತು. ಬತ್ತಿದ ಹೊಳೆಗೆ ನೀರು ಬರುತ್ತಿದೆ ಎಂದು ಅದರ ಅರ್ಥ. ನಮ್ಮಲ್ಲಿ ಅದು ಹೆದರುವ ಸದ್ದಲ್ಲ, ಹಬ್ಬದ ಸದ್ದು. ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವ ನೀರನ್ನು ಎದುರುಗೊಳ್ಳಲು ಎಲ್ಲರೂ ಓಡುತ್ತೇವೆ. ತೋಟದಲ್ಲಿ ಖರ್ಜೂರ ಆರಿಸುತ್ತಿದ್ದ ಹುಡುಗಿಯರು ಬುಟ್ಟಿ ಬಿಟ್ಟು ಹೊಳೆಯ ಪಾತ್ರಕ್ಕೇ ಇಳಿದರು. ಮೊದಲ ನೀರು ಪಾದ ಮುಟ್ಟಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆ. ಬಂದ ನೀರು ಪಾದದಷ್ಟು ಇರಲಿಲ್ಲ, ಗೋಡೆಯಷ್ಟಿತ್ತು. ಹನ್ನೊಂದು ಹುಡುಗಿಯರು ಹೋದರು. ಹತ್ತರಿಂದ ಹತ್ತೊಂಬತ್ತರ ಒಳಗಿನವರು.

ಸಂಜೆಯ ಹೊತ್ತಿಗೆ ಹನ್ನೊಂದು ಜನವೂ ಮಬಾರ್ಕಾರ ಮುಂದಿದ್ದರು. ಜೊತೆಗಿದ್ದವರು ಗೆಳತಿ ಖದೂಜ್ ಒಬ್ಬರೇ. ಖದೂಜ್ ಈಗಿಲ್ಲ.

"ಬಾವಿಗಳೆಲ್ಲ ಕೆಸರು. ಹೊಳೆ ಎಲ್ಲದಕ್ಕೂ ನುಗ್ಗಿತ್ತು. ನೀರಿನಿಂದ ಸತ್ತ ಮಕ್ಕಳನ್ನ ತೊಳೆಯೋಕೆ ನೀರಿಲ್ಲ, ನೋಡಿ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕುಡಿಯೋಕೆ ಅಂತ ಮನೇಲಿ ಇಟ್ಟಿದ್ದ ನೀರು. ಕೊಡ, ಬಾಟಲಿ, ಚೊಂಬು. ಬಾಣಂತಿಯೊಬ್ಬಳು ಚಹಾದ ಕೆಟಲ್ ತಂದುಕೊಟ್ಟಳು. ಆ ರಾತ್ರಿ ಊರಿಗೆ ಊರೇ ಬಾಯಾರಿಕೊಂಡು ಮಲಗಿತು."

ಆದರೆ ಕೂದಲಿನ ಮಣ್ಣು ಸುಲಭವಾಗಿ ಬಿಡಲಿಲ್ಲ. ಮೂರು ಸುತ್ತನ್ನು ಒಂದಕ್ಕೆ ಇಳಿಸಿದರೂ ಸಾಕಾಗಲಿಲ್ಲ. ಹತ್ತು ಜನರಿಗೆ ಮುಗಿದಾಗ ಕೊಡಗಳೂ ಖಾಲಿಯಾಗಿದ್ದವು. ಟ್ಯಾಂಕರ್ ಬರುವುದು ಮರುದಿನ ಮಧ್ಯಾಹ್ನ. ಆ ಸೆಕೆಯಲ್ಲಿ ಕಾಯುವಂತಿರಲಿಲ್ಲ. ನೀರಿಲ್ಲದಿದ್ದರೆ ಶುದ್ಧವಾದ ಮಣ್ಣು ಸಾಕೆಂದು ಧರ್ಮವೇ ಹೇಳುತ್ತದೆ. ಮಬಾರ್ಕಾ ಒಣ ಮಣ್ಣಿಗೆ ಅಂಗೈ ತಟ್ಟಿ ಹನ್ನೊಂದನೆಯವಳ ಮುಖ ಸವರಿದರು, ಕೈಗಳನ್ನು ಸವರಿದರು. ಬಿಳಿ ಬಟ್ಟೆ ಸುತ್ತಿದರು.

ಎಲ್ಲರಿಗೂ ನೀರು ಸಾಕಾಯಿತೇ ಎಂದು ಹೊರಗೆ ಮಸೀದಿಯ ಇಮಾಮರು ಕೇಳಿದರು. ಒಬ್ಬಳಿಗೆ ಮಣ್ಣಿನಿಂದ ಮಾಡಿದೆ ಎಂದು ಇವರು ನಿಜ ಹೇಳಿದರು. ಅಲ್ಲಿ ಹನ್ನೊಂದು ತಾಯಂದಿರೂ ನಿಂತಿದ್ದರು.

"ನನ್ನ ತಪ್ಪು ಅಂದ್ರೆ ಅದೊಂದೇ. ಇಮಾಮರ ಕಿವಿಯಲ್ಲಷ್ಟೇ ಹೇಳಬೇಕಿತ್ತು."

ಯಾರು ಆ ಒಬ್ಬಳು? ಮಬಾರ್ಕಾ ಹೇಳಲಿಲ್ಲ. ಸ್ನಾನ ಮಾಡಿಸಿದವರು ಒಳಗೆ ಕಂಡದ್ದನ್ನು ಹೊರಗೆ ಹೇಳಬಾರದು, ಅದು ನಿಯಮ. ಅದಕ್ಕಿಂತ ಗಟ್ಟಿಯಾದ ಕಾರಣವೊಂದು ಇವರ ಬಳಿ ಇತ್ತು: "ಹನ್ನೊಂದು ಜನಕ್ಕೂ ಒಂದೊಂದು ಚೂರು ಅನುಮಾನ ಇರಲಿ. ಒಬ್ಬಳಿಗೇ ಪೂರ್ತಿ ನೋವು ಯಾಕೆ?"

ಚೂರು ಅನುಮಾನ ಎಷ್ಟು ದೊಡ್ಡದೆಂದು ಆಮೇಲೆ ಗೊತ್ತಾಯಿತು. ಮಣ್ಣಿನ ಶುದ್ಧಿಯೂ ಪೂರ್ಣವೇ ಎಂದು ಇಮಾಮರು ಎಷ್ಟು ಸಲ ಹೇಳಿದರೂ ತಾಯಂದಿರು ಇವರನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಮಗಳ ಜಡೆ ಬಿಚ್ಚಿದ್ದೆಯಾ? ಕಿವಿಯೊಳಗೆ ಮಣ್ಣಿತ್ತಾ? ಕೆಲವರು ಮಾತು ಬಿಟ್ಟರು. ಒಬ್ಬರು ಇವರ ಬಾಗಿಲಿಗೆ ಕೆಸರು ಎರಚಿದ್ದೂ ಉಂಟು. ಯಾರೆಂದು ಇವರಿಗೆ ಗೊತ್ತು. ಅವರ ಅತ್ತೆ ತೀರಿಕೊಂಡಾಗ ಸ್ನಾನ ಮಾಡಿಸಿದ್ದೂ ಇವರೇ.

ಪ್ರತಿ ಅಕ್ಟೋಬರಿನಲ್ಲಿ ತಾಯಂದಿರು ಗೋಧಿ ರವೆಯ ಕುಸ್ಕುಸ್ ಬೇಯಿಸಿ ಸ್ಮಶಾನಕ್ಕೆ ಒಯ್ಯುತ್ತಾರೆ. ಬಂದವರಿಗೆಲ್ಲ ಹಂಚುತ್ತಾರೆ, ಹುಡುಗಿಯರ ಹೆಸರು ಹೇಳುತ್ತಾರೆ. ಜೊತೆಗೆ ಒಬ್ಬೊಬ್ಬರೂ ಒಂದೊಂದು ಕೊಡ ನೀರು ತಂದು ಮಗಳ ತಲೆಯ ಕಡೆಗೆ ಸುರಿಯುತ್ತಾರೆ. ಒಂದು ವೇಳೆ ನನ್ನವಳೇ ಆಗಿದ್ದರೆ ಎಂದು. ಮಬಾರ್ಕಾ ಗೋಡೆಯ ಬಳಿ ದೂರ ನಿಲ್ಲುತ್ತಾರೆ. ಹೋಗದೇ ಇದ್ದದ್ದಿಲ್ಲ.

ಈ ಸಲ ಯಮೀನಾ ಮಗನ ಹೆಗಲು ಹಿಡಿದು ಬಂದಿದ್ದರು. ಆ ಹನ್ನೊಂದು ಜನರಲ್ಲಿ ಅವರ ಮಗಳು ದೂನ್ಯಾಳೂ ಒಬ್ಬಳು, ಆಗ ಹನ್ನೆರಡರ ಹುಡುಗಿ. ಯಮೀನಾರಿಗೆ ಯಕೃತ್ತಿನ ಕಾಯಿಲೆ, ವೈದ್ಯರು ಕೈಬಿಟ್ಟಿದ್ದಾರೆ. ಯಾರೂ ಕೊಡ ಎತ್ತುವ ಮೊದಲೇ ಅವರು ಹೇಳಿದರು:

"ಸ್ವಲ್ಪ ನಿಲ್ಲಿ. ಆ ಒಬ್ಬಳು ನನ್ನ ದೂನ್ಯಾ. ಮಬಾರ್ಕಾ ನನಗೆ ಹೇಳಿದಾಳೆ. ನಿಮ್ಮ ಮಕ್ಕಳೆಲ್ಲ ನೀರು ಕಂಡೇ ಹೋಗಿದಾರೆ. ಇನ್ನಾದರೂ ನಿದ್ದೆ ಮಾಡಿ ಕಣ್ರೇ."

ಹತ್ತು ಹೆಂಗಸರೂ ಗೋಡೆಯ ಕಡೆ ತಿರುಗಿದರು. "ಹೌದಾ ಮಬಾರ್ಕಾ?" ಎಂದು ಒಬ್ಬರು ಕೂಗಿ ಕೇಳಿದರು.

"ಯಮೀನಾ ಸುಳ್ಳು ಹೇಳಿದ್ದನ್ನ ಇಷ್ಟು ವರ್ಷದಲ್ಲಿ ನಾನು ಕೇಳಿಲ್ಲ" ಎಂದರು ಇವರು.

ಆಗ ಅವರಲ್ಲೊಬ್ಬರು ತಮ್ಮ ಮಗಳ ಸಮಾಧಿ ದಾಟಿ ಬಂದು ದೂನ್ಯಾಳ ತಲೆಯ ಬಳಿ ನೀರು ಸುರಿದರು. ಇನ್ನೊಬ್ಬರು ಬಂದರು. ಹತ್ತು ಕೊಡಗಳೂ ಅಲ್ಲೇ ಖಾಲಿಯಾದವು. ಮರಳು ಅಷ್ಟನ್ನೂ ಕುಡಿಯಿತು.

ಆ ಒಬ್ಬಳು ನಿಜಕ್ಕೂ ದೂನ್ಯಾಳೇನಾ ಎಂದು ಕೇಳಬೇಕೆಂದೇ ನಾನೂ ಬಂದವಳು. ಒರಳಿನ ಮುಂದೆ ಕೂತ ಮೇಲೆ ಕೇಳುವುದು ಬೇಡವೆನಿಸುತ್ತದೆ. ಇಂಥ ಬರಹಗಳಿಗೆ ಕೊನೆಗೊಂದು ಪ್ರಶ್ನೆ ಇರುತ್ತದಲ್ಲ, ನಿಮ್ಮ ಆಸೆ ಏನು ಎಂದು, ಅದನ್ನಷ್ಟೇ ಕೇಳುತ್ತೇನೆ.

ಒನಕೆ ನಿಲ್ಲುತ್ತದೆ.

"ನನ್ನ ದಿನ ಬಂದಾಗ ಬಾವಿ ತುಂಬ ನೀರಿರಬಹುದು. ಆದ್ರೂ ನನಗೆ ಮಣ್ಣಿನಿಂದಲೇ ಮಾಡಲಿ ಅಂತ ಆಸೆ. ಊರಲ್ಲಿ ಹಾಗೆ ಹೋದವಳು ಅವಳೊಬ್ಬಳೇ, ಜೊತೆಗೆ ಇನ್ನೊಬ್ಬಳಿರಲಿ. ನೀರಿರುವಾಗ ಹಾಗೆ ಮಾಡೋ ಹಾಗಿಲ್ಲ, ಇಮಾಮರು ಒಪ್ಪಲ್ಲ. ನನಗೂ ಗೊತ್ತು. ಆಸೆ ಏನು ಅಂತ ಕೇಳಿದಿರಲ್ಲಮ್ಮ, ಅದಕ್ಕೆ ಹೇಳಿದೆ."