ಹುಳಿಬಂದ ಜೋನಿಬೆಲ್ಲದ ವಾಸನೆ

ಕೃಷ್ಣಾನಂದನ ಬಾಯಿಗೆ ಇದುವರೆಗೆ ಒಂದು ತೊಟ್ಟು ವೈನ್ ಬಿದ್ದಿಲ್ಲ. ಆದರೂ ಹೊಳನಗದ್ದೆಯ ಕಡಲ ದಂಡೆಯಲ್ಲಿರುವ ಆ ಹೋಟೆಲಿನಲ್ಲಿ ವೈನಿನ ಗುಣ ಬಲ್ಲವನಿದ್ದರೆ ಅವನೊಬ್ಬನೇ. ಅವನ ಅಪ್ಪ ಹೊನ್ನಾವರದ ಸುತ್ತಮುತ್ತ ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದ ಭಟ್ಟರು. ದೇವರಿಗೆ ನೈವೇದ್ಯವಾಗುವ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಹಾಗಾಗಿ ಮುನ್ನೂರು ಜನರ ಸಾರಿಗೆ ಉಪ್ಪು ಸಾಕೋ ಬೇಕೋ ಎಂಬುದನ್ನು ಅವರು ಹಬೆಯ ವಾಸನೆಯಲ್ಲೇ ಹೇಳಬೇಕಿತ್ತು. ಮಗನನ್ನೂ ಕೊಪ್ಪರಿಗೆಯ ಪಕ್ಕ ನಿಲ್ಲಿಸಿಕೊಂಡು ಅದನ್ನೇ ಕಲಿಸಿದರು. ಅಡುಗೆ ಮಗನಿಗೆ ಒಗ್ಗಲಿಲ್ಲ, ಮೂಗು ಮಾತ್ರ ಉಳಿಯಿತು. ಹದಿನಾರು ವರ್ಷಗಳಿಂದ ಅವನು ಈ ಹೋಟೆಲಿನಲ್ಲಿ ತಟ್ಟೆ ಹಿಡಿದು ಓಡಾಡುತ್ತಿದ್ದಾನೆ.

ಹೋಟೆಲಿನ ಮಾಲೀಕ ಪ್ರಕಾಶ ದಕ್ಷಿಣ ಫ್ರಾನ್ಸಿಗೆ ಹನ್ನೊಂದು ದಿನ ಹೋಗಿ ಬಂದ. ಬಂದವನಿಗೆ ಮಾತುಮಾತಿಗೆ ಭುಜ ಹಾರಿಸುವ ಅಭ್ಯಾಸ ಅಂಟಿಕೊಂಡಿತ್ತು. ಆ ಸೀಮೆಯ ದಟ್ಟ ಕೆಂಪು ವೈನಿನ ಎರಡು ಡಜನ್ ಬಾಟಲಿಗಳನ್ನು ಬೆಂಗಳೂರಿನಿಂದ ತರಿಸಿದ. ಇಂಥ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂದು ಅಲ್ಲಿ ಯಾರೋ ಹೇಳಿದ್ದರಂತೆ. ಯಾವ ದೇಶದ ಕೋಣೆ, ಯಾವ ತಿಂಗಳು ಎಂದು ಕೇಳುವ ವ್ಯವಧಾನ ಪ್ರಕಾಶನಿಗಿರಲಿಲ್ಲ. ಒಂದು ಡಜನ್ ಅಡುಗೆಮನೆಯ ಒಲೆಯ ಹಿಂದಿನ ಕಪಾಟು ಸೇರಿತು. ಅಲ್ಲಿ ಜಾಗ ಸಾಲದ್ದರಿಂದ ಉಳಿದ ಡಜನ್ ಏಸಿ ಇರುವ ಆಫೀಸಿಗೆ ಹೋಯಿತು.

"ಸರ್, ಇಲ್ಲಿಟ್ರೆ ಹಾಳಾಗ್ತದೆ," ಎಂದ ಕೃಷ್ಣಾನಂದ.

"ನಿಂಗೆಂತ ಗೊತ್ತು ಮಾರಾಯ? ಕುಡ್ದವನಾ ನೀನು?" ಎಂದು ಪ್ರಕಾಶ ಭುಜ ಹಾರಿಸಿದ.

ಮೇ ತಿಂಗಳ ಒಂದು ಮಧ್ಯಾಹ್ನ ಸುಹಾಸ ಎಂಬ ದೊಡ್ಡ ಕುಳ ಮೂವರು ಗೆಳೆಯರ ಜೊತೆ ಊಟಕ್ಕೆ ಬಂದ. ನಾಲ್ಕು ಊರುಗಳಲ್ಲಿ ಹೋಟೆಲಿಟ್ಟವನು; ಮನಸ್ಸಾದರೆ ಇಲ್ಲೂ ಪಾಲುದಾರನಾಗುವವನು. ಪ್ರಕಾಶ ಕೃಷ್ಣಾನಂದನನ್ನು ಮೊದಲೇ ಕರೆದು ಹೇಳಿದ್ದ: "ಊಟ ಸರಿ ಆತು ಅಂದ್ರೆ ನೀನೇ ಕ್ಯಾಪ್ಟನ್. ಹೆಚ್ಚುಕಮ್ಮಿ ಆತು ಅಂದ್ರೆ ನಾಳೆ ಬರೂದೇ ಬೇಡ." ಕ್ಯಾಪ್ಟನ್ ಎಂದರೆ ಕಪ್ಪು ಕೋಟು ಹಾಕಿಕೊಂಡು ಬಾಗಿಲ ಬಳಿ ನಿಲ್ಲುವವನು, ತಟ್ಟೆ ಹೊರುವುದು ತಪ್ಪುತ್ತದೆ. ಕೃಷ್ಣಾನಂದನ ಮಂಡಿಗಳು ಆ ಕೋಟಿಗಾಗಿ ಹಂಬಲಿಸುತ್ತಿದ್ದವು.

ದಟ್ಟ ಕೆಂಪಿಗೆ ಮೀನು ಹೊಂದುವುದಿಲ್ಲವೆಂದು ಪ್ರಕಾಶ ಅಪ್ಪಣೆ ಮಾಡಿದ್ದ. ಬೆಳಿಗ್ಗೆ ಬಂದ ತಾಜಾ ಇಸ್ವಾಣ ಮೀನು ಕೆಲಸದವರ ಪಾಲಾಯಿತು. ಅತಿಥಿಗಳಿಗೆ ಕಾಳುಮೆಣಸು, ಕುಮಟಾ ಈರುಳ್ಳಿ ಹಾಕಿ ಬೇಯಿಸಿದ ಕುರಿಮಾಂಸ. ಕೃಷ್ಣಾನಂದ ಕಪಾಟಿನ ಬಾಟಲಿಯ ಬಿರಡೆ ಕಿತ್ತ. ಹುಳಿಬಂದ ಜೋನಿಬೆಲ್ಲದ ವಾಸನೆ ಮುಖಕ್ಕೆ ಹೊಡೆಯಿತು. ಮಾಲೀಕನ ಕಿವಿಯ ಬಳಿ ಬಗ್ಗಿ, "ಸರ್, ಇದು ಕೆಟ್ಟಿದೆ," ಎಂದ.

"ಸುಮ್ನೆ ಹಾಕು."

ಸುಹಾಸ ಗ್ಲಾಸನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮೂಗು ತೂರಿಸಿದ, ಒಂದು ಗುಟುಕನ್ನು ಬಾಯಲ್ಲೇ ಮುಕ್ಕಳಿಸಿ ಕಣ್ಣು ಮುಚ್ಚಿದ. "ಒಣದ್ರಾಕ್ಷಿ, ಹಳೇ ಚರ್ಮ, ಆಮೇಲೆ ಬಿಸಿಲು. ಎಂಥಾ ಆಳ ಇದೆ ಇದರಲ್ಲಿ," ಎಂದ. ಗೆಳೆಯರೂ ಕಣ್ಣು ಮುಚ್ಚಿ ಆಳಕ್ಕಿಳಿದರು. ಬಿಸಿಲಿನ ಮಾತೊಂದು ನಿಜವಾಗಿತ್ತು. ಬಾಟಲಿ ಒಲೆಯ ಹಿಂದೆ ಎರಡು ತಿಂಗಳು ಬೆಂದಿತ್ತು.

ಆ ಬಾಟಲಿ ಮುಗಿಯಿತು. ಹಾಳಾದದ್ದನ್ನು ಮತ್ತೆ ಬಡಿಸಲು ಕೃಷ್ಣಾನಂದನಿಗೆ ಮನಸ್ಸು ಬರಲಿಲ್ಲ. ಆಫೀಸಿನಿಂದ ಇನ್ನೊಂದನ್ನು ತಂದು ತೆರೆದ. ಕಳಿತ ನೇರಳೆ, ಆಗತಾನೆ ಕುಟ್ಟಿದ ಕಾಳುಮೆಣಸು, ಹಿಂದಿನಿಂದ ತೆಳುವಾದ ಹೊಗೆ. ಖುಷಿಯಿಂದ ಸುರಿದ.

ಸುಹಾಸ ಮುಖ ಕಿವುಚಿದ. "ತಣ್ಣಗೆ, ಬರೀ ಒಗರು. ಇದು ಕೆಟ್ಟುಹೋಗಿದೆ ಕಣ್ರೀ."

ಗೆಳೆಯರೂ ಗ್ಲಾಸು ದೂರ ಸರಿಸಿದರು. ಪ್ರಕಾಶ ಕೃಷ್ಣಾನಂದನನ್ನು ಒಳಗೆ ಎಳೆದುಕೊಂಡು ಹೋಗಿ, ಆ ಬಾಟಲಿಯನ್ನು ಅವನ ಕಣ್ಣೆದುರೇ ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದ. "ಮರ್ಯಾದೆ ತೆಗ್ದೆ. ಮೊದ್ಲಿನ ಹಾಂಗಿದ್ದೇ ತಾ. ಇಲ್ಲಾ, ಹಿಂದಿನ ಬಾಗ್ಲಿಂದ ನಡಿ," ಎಂದ.

ಒಳ್ಳೆಯದು ಮೋರಿಯಲ್ಲಿ ಹರಿದುಹೋಗುವುದನ್ನು ಕೃಷ್ಣಾನಂದ ನೋಡಿದ. ನಿಜ ಹೇಳಿಬಿಡಲೇ ಎಂದುಕೊಂಡ. ಮಂಡಿ ನೋಯುತ್ತಿತ್ತು, ಬಾಯಿ ಮುಚ್ಚಿಕೊಂಡ. ಕಪಾಟಿನಿಂದ ಎರಡು ಬಾಟಲಿ ತೆಗೆದು, ಬಿರಡೆ ಕಿತ್ತು ಮೂಸಿದ. ಒಂದು ಕೆಟ್ಟಿತ್ತು, ಇನ್ನೊಂದು ತೀರಾ ಕೆಟ್ಟಿತ್ತು. ತೀರಾ ಕೆಟ್ಟದ್ದನ್ನೇ ಒಯ್ದ.

"ಇದು ನೋಡಿ ವೈನ್. ಆರಿಸಿದ್ದು ಯಾರು?" ಎಂದ ಸುಹಾಸ.

"ನಮ್ಮ ಕ್ಯಾಪ್ಟನ್," ಎಂದ ಪ್ರಕಾಶ. ಸುಹಾಸ ಎದ್ದು ಕೃಷ್ಣಾನಂದನ ಕೈ ಕುಲುಕಿದ.

ಮರುವಾರ ಕೋಟು ಬಂತು, ಕಂಕುಳಲ್ಲಿ ಸ್ವಲ್ಪ ಬಿಗಿ. ಆಫೀಸಿನಲ್ಲಿರುವುದನ್ನೆಲ್ಲ ಅಡುಗೆಮನೆಗೆ ಸಾಗಿಸು ಎಂದು ಹೊಸ ಕ್ಯಾಪ್ಟನ್‌ಗೆ ಮಾಲೀಕನ ಮೊದಲ ಅಪ್ಪಣೆಯೂ ಬಂತು. ಹನ್ನೊಂದು ಬಾಟಲಿ ಉಳಿದಿದ್ದವು. ಕೃಷ್ಣಾನಂದನಿಗೆ ನಾಚಿಕೆಯಾಯಿತು. ಆದರೂ ಕಪಾಟಿನ ಡಬ್ಬಿಗಳನ್ನು ತೆಗೆದು ಜಾಗ ಮಾಡಿ ಒಂದೊಂದನ್ನೇ ತಂದಿಟ್ಟ; ಬೇಗ ಹದಕ್ಕೆ ಬರಲಿ ಎಂದು ಒಲೆಯ ಕಡೆಗೆ ಇನ್ನಷ್ಟು ಸರಿಸಿದ.